ಫಕ್ಕೀರವ್ವನಿಗೆ ಸನ್ಮಾನ

ನಮ್ಮೂರಿನಲ್ಲಿ ಸನ್ಮಾನ ಸಮಾರಂಭ ಇದ್ದರೆ ಹಿಂದಿನ ದಿನವೇ ವೇದಿಕೆಯ ತಗಡಿನ ಛಾವಣಿ ಬಿಚ್ಚಿಸುತ್ತಾರೆ. ಮೊದಲು ಬಿಚ್ಚಿಸುತ್ತಿರಲಿಲ್ಲವಂತೆ. ಹಲಗೆ ಬಾರಿಸುವ ದುರುಗಪ್ಪನಿಗೆ ಸನ್ಮಾನವಾದ ವರ್ಷ ಅವನ ನೆತ್ತಿ ತಗಡಿಗೆ ಬಡಿದು ಮೂರು ಹೊಲಿಗೆ ಬಿದ್ದವು. ಆ ಸಪ್ಪಳವೂ ತಾಳ ತಪ್ಪಿರಲಿಲ್ಲ ಎಂದು ಊರವರು ಈಗಲೂ ಹೇಳುತ್ತಾರೆ, ದುರುಗಪ್ಪನ ಕಿವಿಗೆ ಬೀಳದಂತೆ.

ಹೊಗಳಿದರೆ ಇಲ್ಲಿ ಜನ ನೆಲ ಬಿಟ್ಟು ಏಳುತ್ತಾರೆ. ಹೊಗಳಿಕೆ ನಿಜವಿರಬೇಕು, ಹೊಗಳಿಸಿಕೊಂಡವರ ಕಿವಿಗೆ ಬೀಳಬೇಕು, ಅಷ್ಟೇ. ಬೈದರೆ ಇಳಿಯುತ್ತಾರೆ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಬಂದ ಮೊದಲ ದಿನ ಅತ್ತೆಗೆ, ಇಂಥ ಹೋಳಿಗೆ ನಾನು ಎಲ್ಲೂ ತಿಂದಿಲ್ಲ ಎಂದುಬಿಟ್ಟೆ. ಅವರ ತಲೆ ಜಂತಿಗೆ ತಾಗಿತು. ನನ್ನ ಗಂಡ ತಟ್ಟೆಯಿಂದ ಕಣ್ಣೆತ್ತದೆ, "ಅವ್ವಾ, ನಿನ್ನೆ ಸಾರಿಗೆ ಉಪ್ಪು ಮರತಿದ್ದಿ" ಎಂದ. ಅತ್ತೆ ಇಳಿದು ಬಂದು ತುಪ್ಪ ಬಡಿಸಿದರು. ಆಮೇಲೆ ಅವನು ನನಗೆ ಮೆಲ್ಲಗೆ ಹೇಳಿದ: "ಇಲ್ಲಿ ಊಟ ಚಲೋ ಅನಿಸಿದ್ರ ಸುಮ್ಮನ ಇನ್ನೊಂದು ಹಾಕಿಸಿಕೋಬೇಕು."

ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟವೇನಲ್ಲ. ತರಗತಿಗೇ ಮೊದಲಿಗನಾಗಿ ಬಂದ ಮಗನಿಗೆ ತಾಯಂದಿರು ಉಳಿದ ಎರಡು ಅಂಕ ಎಲ್ಲಿ ಹೋದವು ಎಂದು ಕೇಳುತ್ತಾರೆ. ಪ್ರೀತಿಸುವವರು ಕೊಂಬೆ ತಗ್ಗಾಗಿರುವ ಮರ ಹುಡುಕಿಕೊಂಡು ಕೂರುತ್ತಾರೆ. ಗುರುಪಾದಪ್ಪ ಮಾಸ್ತರರು ಜನಪದ ಕಲಾವಿದರ ಸನ್ಮಾನ ಸಮಿತಿಯ ಅಧ್ಯಕ್ಷರು. ಅವರನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಅವರು ಏಳುವುದಿಲ್ಲ. ಬೂಟು ಭಾರ ಎನ್ನುತ್ತಾರೆ.

ಗಂಡ ತೀರಿಕೊಂಡು ಎರಡು ವರ್ಷವಾಯಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಅಂಗಳದಲ್ಲಿ ಮಲಗಿಸಿದ್ದಾಗ ಗುರುಪಾದಪ್ಪ ಮಾಸ್ತರರು ಅವನನ್ನು ಒಂದೂವರೆ ತಾಸು ಹೊಗಳಿದರು. ಹೇಳಿದ್ದೆಲ್ಲ ನಿಜ. ಹೊದಿಸಿದ ಬಿಳಿ ಬಟ್ಟೆ ಅಲುಗಲಿಲ್ಲ. ಹೋಗಿದ್ದಾನೆ ಎಂಬುದು ನನಗೆ ಖಾತ್ರಿಯಾದದ್ದು ಆಗ.

ಎಂಟು ತಿಂಗಳ ನಂತರ ಮಾಸ್ತರರು ಮನೆಗೆ ಬಂದು, ಸಮಿತಿಗೆ ಸನ್ಮಾನ ಪತ್ರ ಬರೆಯುವವರು ಬೇಕು ಎಂದರು. ನಾನು ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿದವಳು. ಅದಕ್ಕಿಂತ ಅವರಿಗೆ ಬೇಕಾಗಿದ್ದುದು ನಾನು ಕಡಿಮೆ ಬರೆಯುತ್ತೇನೆ ಎಂಬುದು. ಹಿಂದೆ ಬರೆಯುತ್ತಿದ್ದ ಪಂಡಿತರು ಕುಂಬಾರ ಮಲ್ಲಪ್ಪನ ಮೇಲೆ ಎಂಟು ಪುಟ ಬರೆದಿದ್ದರು. ನಾಲ್ಕನೆಯ ಪುಟಕ್ಕೆ ಮಲ್ಲಪ್ಪ ನೀರಿನ ಟಾಕಿ ದಾಟಿದ್ದ. ಸೊಂಟಕ್ಕೆ ಹಗ್ಗ ಕಟ್ಟಬಾರದೇ ಎಂದು ಹೊಸಬರು ಕೇಳುತ್ತಾರೆ. ಅವನಿಗೆ ಕಟ್ಟಿದ್ದರು. ಹಗ್ಗ ಹಿಡಿದ ಮೂವರೂ ಅವನ ಹಿಂದೆ ಒಣಹಾಕಿದ ಧೋತರದಂತೆ ತೂಗಾಡುತ್ತ ಹೋದರು.

ನನ್ನ ಮೊದಲ ಸನ್ಮಾನ ಪತ್ರ ಬುಟ್ಟಿ ಹೆಣೆಯುವ ಮೇದಾರ ಯಂಕಪ್ಪನದು. "ಯಂಕಪ್ಪನವರು ಐವತ್ತು ವರ್ಷ ಬುಟ್ಟಿ ಹೆಣೆದಿದ್ದಾರೆ. ಅವುಗಳಲ್ಲಿ ಹಿಟ್ಟು ಹಾಕಿದರೆ ಸೋರುವುದಿಲ್ಲ" ಎಂದು ಬರೆದಿದ್ದೆ. ಯಂಕಪ್ಪ ಒಂದು ಗೇಣು ಎದ್ದ. ಹಾರ ಹಾಕಿಸಿಕೊಂಡು, ಹೊಸ್ತಿಲು ದಾಟುವವನ ಹಾಗೆ ಇಳಿದ. ಸಮಿತಿಗೆ ಸಮಾಧಾನವಾಯಿತು. ಯಂಕಪ್ಪನಿಗೆ ಆಗಲಿಲ್ಲ.

"ಅಕ್ಕಾರ, ಕುಂಬಾರನ್ನ ಟಾಕಿ ಮ್ಯಾಲೆ ಕಳಿಸಿದ್ರಿ. ನನ್ನ ಗೇಣಿಗೆ ಮುಗಿಸಿದ್ರಿ."

"ಹಿಟ್ಟು ಸೋರುವುದಿಲ್ಲ ಅಂತ ಬರೆದಿದ್ದೆನಲ್ಲ."

"ನೀರೂ ಸೋರೂದಿಲ್ಲ. ಬರೀಬೇಕಿತ್ತು."

ಸಮಿತಿಯವರು ನನ್ನ ಬರವಣಿಗೆಯನ್ನು ಹೊಗಳಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸುಳ್ಳು ಹೊಗಳಿದೆವೇನೋ ಎಂದು ಅವರು ನೆಲ ನೋಡಿದರು. ಸುಳ್ಳಾಗಿರಲಿಲ್ಲ. ನನಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ.

ಮೇಲೆ ಹೋದವರನ್ನು ಇಳಿಸುವವಳು ಫಕ್ಕೀರವ್ವ. ವಯಸ್ಸು ಎಪ್ಪತ್ತೆರಡು. ಅವಳ ತಾಯಿಯೂ ಇದೇ ಕೆಲಸ ಮಾಡುತ್ತಿದ್ದಳು. ಅದಕ್ಕೂ ಮುಂಚೆ ಇಳಿಸುವವರು ಇರಲಿಲ್ಲ. ಆ ಕಾಲದಲ್ಲಿ ತೊಗಲುಗೊಂಬೆ ಆಡಿಸುವವನೊಬ್ಬ ಮೇಲೆ ಹೋಗಿ, ಗಾಳಿಗೆ ಸಿಕ್ಕು, ಗುಡ್ಡದ ಆಚೆ ಹೋದವನು ಬರಲೇ ಇಲ್ಲ. ಗೇಣು, ಮೊಳದ ಎತ್ತರವಿದ್ದರೆ ಯಾರು ಬೈದರೂ ನಡೆಯುತ್ತದೆ. ಮರ ದಾಟಿದರೆ ಫಕ್ಕೀರವ್ವನೇ ಬೇಕು.

ಮಲ್ಲಪ್ಪ ಟಾಕಿಯ ಮೇಲಿದ್ದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ಕೂಗಿದ್ದು ಊರಿಗೆಲ್ಲ ಬಾಯಿಪಾಠ. "ಏ ಮಲ್ಲ್ಯಾ, ಊರಿಗೆಲ್ಲ ಗಡಗಿ ಕೊಟ್ಟಿ. ನಿನ್ನ ಹೇಣ್ತಿ ಹದಿನೆಂಟು ವರ್ಷದಿಂದ ಅಂಚು ಒಡದ ಗಡಗ್ಯಾಗ ಅನ್ನ ಮಾಡ್ತಾಳ. ಆ ಅಂಚು ಆಕಿ ಕೈ ಕೊಯ್ದದ್ದು ನೋಡಿಯೇನು? ಇಳಿ ಕೆಳಗ. ಇಳಿದು ಬಂದು ಆಕಿ ಬೆರಳು ನೋಡು." ಮಲ್ಲಪ್ಪ ನೋಡಿರಲಿಲ್ಲ. ಹಗ್ಗದ ಮೂವರ ಸಮೇತ ಇಳಿದ. ಮಾರನೆಯ ದಿನ ಅವನ ಮನೆಯ ಒಲೆಯ ಮೇಲೆ ಹೊಸ ಗಡಿಗೆ ಇತ್ತು.

ಈ ವರ್ಷದ ಸಭೆಯಲ್ಲಿ ಎರಡು ಹೆಸರು ಬೇಗ ಒಪ್ಪಿಗೆಯಾದವು: ಕನ್ನಡಿ ಕಸೂತಿ ಹಾಕುವ ಲಂಬಾಣಿ ಸಕ್ರಿಬಾಯಿ, ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವ ಲಾಲಸಾಬ. ಮೂರನೆಯದಕ್ಕೆ ದುರುಗಪ್ಪ, "ಫಕ್ಕೀರವ್ವ" ಎಂದ.

"ಬೈಯೂದು ಕಲೆ ಏನೋ ದುರುಗ್ಯಾ?" ಎಂದರು ಮಾಸ್ತರರು.

"ನಾ ತಗಡಿಗೆ ತಲಿ ಹಚ್ಚಿ ನಿಂತಾಗ ನಿಮ್ಮ ಯಾವ ಕಲಾನೂ ಬರಲಿಲ್ರಿ. ಆಕಿ ಬಂದ್ಲು."

"ಅದು ಖರೆ. ಆದ್ರ ಆಕಿ ಮ್ಯಾಲೆ ಹ್ವಾದ್ರ ಇಳಸವರು ಯಾರು?"

ನಲವತ್ತು ವರ್ಷ ಅವಳ ಹೆಸರು ಈ ಸಭೆಗೆ ಬಾರದೇ ಇದ್ದುದು ಇದಕ್ಕಾಗಿಯೇ. ಬಾಗಿಲ ಹತ್ತಿರ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಫಕ್ಕೀರವ್ವ ಬಾಯಿ ಖಾಲಿ ಮಾಡಿಕೊಂಡು ಬಂದಳು.

"ನಲವತ್ತು ವರ್ಷ ಕುತಿಗಿ ಮ್ಯಾಲ ಮಾಡಿ ನಿಂತೀನಿ. ಈ ಊರಾಗ ಎಲ್ಲಾರ ಅಂಗಾಲು ನೋಡೀನಿ. ಒಂದ ಸಲ ನೆತ್ತಿ ನೋಡಬೇಕು. ಇಳಸಾಕ ಈ ಹುಡುಗಿಗೆ ಕಲಸ್ತೀನಿ."

ಅವಳು ಬೆರಳು ಮಾಡಿದ್ದು ನನ್ನ ಕಡೆಗೆ.

"ನನಗೆ ಬೈಯಲು ಬರುವುದಿಲ್ಲ" ಎಂದೆ.

"ಸುಳ್ಳು ಬರಿಯೂದಿಲ್ಲಲಾ ನೀ? ಅರ್ಧ ಬಂತು."

ಒಂದು ತಿಂಗಳು ಮಧ್ಯಾಹ್ನದ ಹೊತ್ತು ಅವಳ ಅಂಗಳಕ್ಕೆ ಹೋದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಪಾಠ ಹೇಳುತ್ತಿದ್ದಳು. ಮೊದಲ ದಿನ ಕಟ್ಟೆಯ ಮೇಲಿದ್ದ ಹುಂಜ ತೋರಿಸಿ, ಬೈ ಎಂದಳು. ನಾನು ಯೋಚಿಸಿ, "ನೀನು ಅಕಾಲದಲ್ಲಿ ಕೂಗುತ್ತೀಯ. ಇದರಿಂದ ನೆರೆಯವರಿಗೆ ತೊಂದರೆಯಾಗಿದೆ" ಎಂದೆ.

"ಇದು ಬೈಗುಳೇನ? ಪಂಚಾಯ್ತಿ ನೋಟೀಸು." ಅವಳು ಹುಂಜದ ಕಡೆ ತಿರುಗಿ ನಾಲ್ಕು ಮಾತು ಆಡಿದಳು. ಹುಂಜ ಕಟ್ಟೆ ಇಳಿದು ಹೋಯಿತು. ಆ ನಾಲ್ಕು ಮಾತನ್ನು ನಾನು ಇಲ್ಲಿ ಬರೆಯಲಾರೆ.

ಅವಳ ಕೆಲಸಕ್ಕೆ ಕಟ್ಟುಪಾಡು ಇದ್ದವು. ಹುಟ್ಟಿದ ಜಾತಿಗೆ ಬೈಯಬಾರದು. ಕುಂಟು, ಕುರುಡು, ಬಂಜೆತನ ಬಾಯಿಗೆ ಬರಬಾರದು. "ದೇವರು ಮಾಡಿದ್ದಕ್ಕ ದೇವರಿಗೆ ಬೈ. ಮನಶ್ಯಾಗ ಅವ ಕೈಯಾರ ಮಾಡಿದ್ದಕ್ಕ ಬೈಬೇಕು, ಇಲ್ಲ ಮಾಡದ ಬಿಟ್ಟದ್ದಕ್ಕ." ಊರಿನ ಒಬ್ಬೊಬ್ಬರ ಮೇಲೂ ಒಂದೊಂದು ಉದಾಹರಣೆ ಕೊಟ್ಟಳು. ಒಮ್ಮೆ ನಾನು, "ಆಯಿ, ನನಗೂ ಒಂದು ಬೈದು ತೋರಿಸಿ, ಗೊತ್ತಾಗುತ್ತದೆ" ಎಂದೆ.

ಅವಳ ಮೊರ ನಿಂತಿತು. "ನಿನಗ ಬ್ಯಾಡ ತಂಗಿ" ಎಂದು ದನಿ ಇಳಿಸಿ, ಒಳಗಿನಿಂದ ಬೆಲ್ಲದ ಚೂರು ತಂದು ಕೈಗಿಟ್ಟಳು.

ಓದಿದವಳಾದ್ದರಿಂದ ನಾನು ಒಂದು ಪ್ರಶ್ನಾವಳಿ ಮಾಡಿಕೊಂಡೆ. ಓಣಿ ಓಣಿ ತಿರುಗಿ ಫಕ್ಕೀರವ್ವನ ತಪ್ಪುಗಳನ್ನು ಕೇಳಿ ಬರೆದುಕೊಂಡೆ. ಜನ ಮೊದಲು ಹೆದರಿದರು. ಆಮೇಲೆ ಬಾಗಿಲು ಹಾಕಿಕೊಂಡು ಹೇಳಿದರು. ಕಡ ತಂದ ಜರಡಿ ಹಿಂದಿರುಗಿಸುವುದಿಲ್ಲ. ಮದುವೆ ಮನೆಯಲ್ಲಿ ಎರಡು ಪಂಕ್ತಿಯಲ್ಲಿ ಕೂರುತ್ತಾಳೆ. ಭಜನೆಯಲ್ಲಿ ಹಿಂದಿನ ಸಾಲಿನಿಂದ ತಪ್ಪು ಪದ ಹೇಳಿ ಮುಂದಿನವರನ್ನು ಕೆಡಿಸುತ್ತಾಳೆ. ಒಟ್ಟು ನಲವತ್ಮೂರು ಆದವು. ತೃಪ್ತಿಯಿಂದ ಅವಳಿಗೆ ಓದಿ ಹೇಳಿದೆ.

ಅವಳು ಜೋಳ ಕೇರುತ್ತ, "ಹೌದು. ಹೌದು. ಜರಡಿ ಎರಡು ಅದಾವ, ಒಂದಲ್ಲ. ಹೌದು" ಎನ್ನುತ್ತ ಹೋದಳು. ಮುಗಿದ ಮೇಲೆ ಮೊರ ಕೆಳಗಿಟ್ಟಳು. "ಇದ್ಯಾವುದೂ ನಡಿಯೂದಿಲ್ಲ. ಎಲ್ಲಾ ನನಗ ಗೊತ್ತಿದ್ದದ್ದು. ಮಲ್ಲ್ಯಾಗ ಆಕಿ ಬೆರಳು ಗೊತ್ತಿರಲಿಲ್ಲ, ಅದಕ್ಕ ಇಳಿದ. ನನಗ ಗೊತ್ತಿಲ್ಲದ ನನ್ನ ತಪ್ಪು ನಿನಗ ಗೊತ್ತಿರಬೇಕು."

"ಅಂಥದ್ದು ಸಿಗದಿದ್ದರೆ?"

"ಗುಡ್ಡದ ಆಚಿ ಏನೈತಿ ಅಂತ ನೋಡಿ ಬರ್ತೀನಿ. ಬಂದ್ರ."

ಆಗ ನನಗೆ ಅವಳ ಧೈರ್ಯ ಅರ್ಥವಾಗಲಿಲ್ಲ. ಸನ್ಮಾನ ಪತ್ರವನ್ನು ಎಷ್ಟು ಸಾಧ್ಯವೋ ಅಷ್ಟು ಚಿಕ್ಕದು ಮಾಡಿದೆ: "ಫಕ್ಕೀರವ್ವನವರು ನಲವತ್ತು ವರ್ಷ ಬೈದಿದ್ದಾರೆ. ಜನ ಇಳಿದಿದ್ದಾರೆ." ಗೇಣಿಗೆ ಮುಗಿಯಬೇಕಿತ್ತು.

ಸಮಾರಂಭ ಬೆಳಿಗ್ಗೆ ಹತ್ತಕ್ಕೆ. ಮೂವರಲ್ಲಿ ಫಕ್ಕೀರವ್ವನದೇ ಮೊದಲು ಎಂದು ಸಮಿತಿ ಗೊತ್ತು ಮಾಡಿತ್ತು. ಅವಳು ಹಿಂದಿರುಗದಿದ್ದರೆ ಉಳಿದಿಬ್ಬರ ಹೊಗಳಿಕೆಯನ್ನು ರದ್ದು ಮಾಡುವುದೆಂದೂ, ಹಣ್ಣಿನ ಬುಟ್ಟಿ ಮಾತ್ರ ಕೊಡುವುದೆಂದೂ ಠರಾವು ಆಗಿತ್ತು. ಅವಳು ಇಳಕಲ್ ಸೀರೆಯುಟ್ಟು ಬಂದಳು. ಒಳಗೆ ಮೊಮ್ಮಗನ ಪೈಜಾಮ ಹಾಕಿಕೊಂಡಿದ್ದಳು. "ನಾ ನಲವತ್ತು ವರ್ಷ ಕೆಳಗ ನಿಂತಾಕಿ. ಕೆಳಗಿನವರಿಗೆ ಏನೇನು ಕಾಣ್ತೈತಿ ನನಗ ಗೊತ್ತೈತಿ" ಎಂದಳು. ನಾನು ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ನನ್ನ ಎರಡು ವಾಕ್ಯ ಓದಿದೆ. ಅವಳು ಒಂದು ಗೇಣು ಎದ್ದಳು. ಮಾಸ್ತರರು ಟೊಪ್ಪಿಗೆ ತೆಗೆದಿಟ್ಟು ಶಾಲು ಹೊದಿಸಿ, ಹಾರ ಹಾಕಿ, ಚಪ್ಪಾಳೆಗೆ ಕೈ ಎತ್ತಿದರು.

"ಒಂದು ಮಾತು" ಎಂದು ದುರುಗಪ್ಪ ಎದ್ದು ನಿಂತ. ಕಾರ್ಯಕ್ರಮ ಪಟ್ಟಿಯಲ್ಲಿ ಇದು ಇರಲಿಲ್ಲ. "ಆವತ್ತು ಈಕಿ ನನಗ, ನಿನ್ನ ಹಲಗಿ ಊರಿಗೆಲ್ಲ ಕೇಳಸ್ತೈತಿ, ನಿಮ್ಮವ್ವ ಕರದದ್ದು ನಿನಗ ಕೇಳಸೂದಿಲ್ಲ ಅಂದ್ಲು. ಆಮ್ಯಾಲೆ ನಮ್ಮವ್ವ ಹನ್ನೊಂದು ವರ್ಷ ಬದುಕಿದ್ಲು. ಹನ್ನೊಂದು ವರ್ಷ ಆಕಿ ಜೋಡಿ ಮಾತಾಡಿದೆ."

ಫಕ್ಕೀರವ್ವನ ಪಾದ ಮೈಕಿನ ಎತ್ತರಕ್ಕೆ ಬಂತು.

ಮಲ್ಲಪ್ಪ ಎದ್ದ. ಅವನು ತನ್ನ ಹೆಂಡತಿಯ ಕೈ ಹಿಡಿದೆತ್ತಿ ತೋರಿಸಿದ. ಅದೂ ಹೊಗಳಿಕೆಯೇ. ಫಕ್ಕೀರವ್ವ ಬ್ಯಾನರ್ ದಾಟಿದಳು. ಯಂಕಪ್ಪ ಎದ್ದು, "ನಾ ಗೇಣಿಗೆ ಎದ್ದಾವ, ನನಗ ಆಕಿ ಬೈಯೂ ಪ್ರಸಂಗ ಬರಲಿಲ್ಲ. ಆದ್ರೂ ದಿನಾ ಆಕಿ ಬಾಯಿಗೆ ಅಂಜಿ ನನ್ನ ಬುಟ್ಟಿ ಒಂದೂ ಸೋರಲಿಲ್ಲ" ಎಂದ. ಅವಳು ವೇದಿಕೆಯ ಪಕ್ಕದ ಬೇವಿನ ಮರದ ತುದಿ ಮುಟ್ಟಿದಳು. ಕೊನೆಗೆ ತಾನೇ ಸನ್ಮಾನಕ್ಕೆ ಕಾದು ಕೂತಿದ್ದ ಲಾಲಸಾಬ, ಹಾಡುವ ದನಿಯಲ್ಲಿ, ನಿಧಾನವಾಗಿ ಹೇಳಿದ: "ಈ ಊರಾಗ ಎಲ್ಲಾ ಜಾತಿಗೂ ಒಂದ ನಮೂನಿ ಬೈದಾಕಿ ಈಕಿ ಒಬ್ಬಾಕಿ. ನಮ್ಮನ್ನ ಬ್ಯಾರೆ ಅಂತ ತಿಳದು ಎಂದೂ ಒಂದು ಮಾತು ಕಡಿಮಿ ಮಾಡಲಿಲ್ಲ."

ಅವಳು ಟಾಕಿಯ ಮೇಲೆ ಹೋದಳು.

"ಮಾಸ್ತರಾ," ಎಂದು ಮೇಲಿಂದ ದನಿ ಬಂತು, "ನಿನ್ನ ನೆತ್ತಿ ಬೋಳಾಗೇತಿ. ಟೊಪ್ಪಿಗಿ ಯಾಕ ಹಾಕ್ತಿ ಅಂತ ಇವತ್ತ ತಿಳೀತು. ಮತ್ತ ನಿನ್ನ ಮಾಳಗಿ ಮ್ಯಾಲೆ ಅವು ಎಲ್ಲಾ ಸನ್ಮಾನದ ಹಣ್ಣಿನ ಬುಟ್ಟಿ ಅಲ್ಲೇನೋ? ಯಂಕ್ಯಾ, ಬುಟ್ಟಿ ನಿನ್ನವ ನೋಡು, ಖರೆ ಹೇಳ್ತೀನಿ, ಒಂದೂ ಸೋರಿಲ್ಲ." ಯಂಕಪ್ಪ ಬೆಂಚಿನಿಂದ ಎರಡು ಮೊಳ ಎದ್ದ. ಅವನ ಮುಖ ನೋಡಿ ಯಾರಿಗೂ ಇಳಿಸುವ ಮನಸ್ಸಾಗಲಿಲ್ಲ.

ಜನ ನಗುತ್ತಿರುವಾಗಲೇ ಗಾಳಿ ಎದ್ದಿತು. ಫಕ್ಕೀರವ್ವನ ಹೊಸ ಶಾಲು ಹಾಯಿಯಂತೆ ಉಬ್ಬಿ ಅವಳನ್ನು ಗುಡ್ಡದ ಕಡೆಗೆ ಎಳೆಯಿತು. ನಗು ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ನಾನು ಪಟ್ಟಿ ತೆಗೆದು ಮೈಕು ಹಿಡಿದು ಓದತೊಡಗಿದೆ. ಜರಡಿ. "ಗೊತ್ತು" ಎಂಬ ಉತ್ತರ ಬಂತು. ಎರಡು ಪಂಕ್ತಿ. "ಗೊತ್ತು." ಭಜನೆ. "ಗೊತ್ತು ತಂಗಿ." ಪ್ರತಿ ಸಲವೂ ದನಿ ಸಣ್ಣದಾಗುತ್ತಿತ್ತು. ಇಪ್ಪತ್ತಾರಕ್ಕೆ ಬಂದಾಗ ಉತ್ತರವೇ ಬರಲಿಲ್ಲ. ಅವಳು ಶಾಲು ತೆಗೆಯಲು ಒದ್ದಾಡುತ್ತಿದ್ದಳು, ಹಾರ ಅದರೊಳಗೆ ಸಿಕ್ಕಿಕೊಂಡಿತ್ತು. ಮೇಲೆ ಹೋದ ಮೇಲೆ ಅವಳು ನೆತ್ತಿ ನೋಡಲಿಕ್ಕಲ್ಲದೆ ಕೆಳಗೆ ನೋಡಿದ್ದು ಅದೇ ಮೊದಲು. ನನ್ನನ್ನು ನೋಡಿದಳು. ಅಷ್ಟು ದೂರದಿಂದಲೂ ಕೈಯಾಡಿಸಿ, ಇರಲಿ ಬಿಡು, ನಿನ್ನ ತಪ್ಪಲ್ಲ ಎನ್ನುವಂತೆ ಸನ್ನೆ ಮಾಡಿದಳು.

ಆ ಸನ್ನೆ ನನಗೆ ಗೊತ್ತಿತ್ತು. ಎರಡು ವರ್ಷದಿಂದ ಊರೆಲ್ಲ ನನಗೆ ಅದನ್ನೇ ಮಾಡುತ್ತಿತ್ತು. ಪಟ್ಟಿ ಕೈಯಿಂದ ಬಿತ್ತು.

"ಏನ ಇರಲಿ?" ಎಂದೆ. ಮೈಕು ಕಿರುಚಿತು. "ಏನ ಇರಲಿ ಆಯಿ? ಊರಿಗೆಲ್ಲ ಬೈದಿ. ಹುಂಜಕ್ಕ ಬೈದಿ. ಎರಡು ವರ್ಷ ದಿನಾ ನನ್ನ ಮನಿ ಮುಂದ ಹಾದು ಹೋದಿ. ಹೊತ್ತೇರಿದ್ರೂ ಬಾಗಿಲಿಗೆ ನೀರು ಬೀಳದ್ದು ಕಂಡಿ. ಒಲಿ ಹಚ್ಚದ್ದು ಕಂಡಿ. ಹರದ ಸೆರಗಿನ್ಯಾಗ ಸಂತಿಗೆ ಬಂದದ್ದು ಕಂಡಿ. ಒಂದು ಮಾತು ಬೈಲಿಲ್ಲ. ನನ್ನ ಕಂಡ್ರ ದನಿ ಸಣ್ಣ ಮಾಡ್ತಿ, ಹೆಣದ ಮುಂದ ಮಾಡಿದಂಗ. ಸತ್ತಾವ ಅವ. ನಾ ಅಲ್ಲ. ಅದನ್ನ ನೀನರ ಹೇಳ್ತಿ ಅಂತ ಕಾಯ್ಕೋತ ಕುಂತೆ. ನೀ ಬೆಲ್ಲ ಕೊಟ್ಟಿ. ಯಾರಿಗೆ ಬೇಕು ನಿನ್ನ ಬೆಲ್ಲ?"

"ಗೊತ್ತು" ಎಂಬ ಉತ್ತರ ಬರಲಿಲ್ಲ. ಮೇಲೆ ಅವಳು ಒದ್ದಾಡುವುದನ್ನು ನಿಲ್ಲಿಸಿದ್ದಳು. ಶಾಲು ಗಾಳಿಯಲ್ಲಿ ಉಬ್ಬಿಯೇ ಇತ್ತು, ಆದರೆ ಅವಳು ಅದರ ಕೆಳಗೆ, ಬಾವಿಗೆ ಬಿಟ್ಟ ಕೊಡದಂತೆ ನೆಟ್ಟಗೆ ಇಳಿಯತೊಡಗಿದಳು. ಬೇವಿನ ಮರ ದಾಟಿದಾಗ ವೇಗ ಹೆಚ್ಚಾಯಿತು. ದುರುಗಪ್ಪ, ಮಲ್ಲಪ್ಪ ಓಡಿ ಕೈ ಒಡ್ಡಿದರು. ಮೂವರೂ ಮಣ್ಣಿನಲ್ಲಿ ಕೂತರು.

ಸಕ್ರಿಬಾಯಿ ನೀರು ಕೊಟ್ಟಳು. ಫಕ್ಕೀರವ್ವ ಅರ್ಧ ಕುಡಿದು, ಅರ್ಧ ಮುಖಕ್ಕೆ ಹಾಕಿಕೊಂಡಳು. ನಾನು ವೇದಿಕೆ ಇಳಿದು ಅವಳ ಮುಂದೆ ಹೋಗಿ ನಿಂತೆ. ಕ್ಷಮೆ ಕೇಳಬೇಕೋ ಏನೋ ತಿಳಿಯಲಿಲ್ಲ. ಅವಳು ನನ್ನ ನೆತ್ತಿಯನ್ನೇ ನೋಡಿದಳು. ಆಮೇಲೆ ಶುರು ಮಾಡಿದಳು.

ಕೂದಲಿನಿಂದ ಶುರು ಮಾಡಿದಳು. ಎಣ್ಣೆ ಕಾಣದ ಈ ತಲೆಯಲ್ಲಿ ಗುಬ್ಬಿ ಗೂಡು ಕಟ್ಟಿದರೂ ನನಗೆ ತಿಳಿಯದು ಎಂದಳು. ಓದಿದ ಹುಡುಗಿ ಎಂದು ಕರೆದು ತಂದರೆ ಕೆಲಸಕ್ಕೆ ಪ್ರಶ್ನಾವಳಿ ಹಿಡಿದುಕೊಂಡು ಬರುವವಳು ಎಂದಳು. ನನ್ನ ಅಡುಗೆ ಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಬೈದಳು. ಒಳಗೆ ಬಂದವಳೇ ಅಲ್ಲ, ಎಲ್ಲ ಸರಿಯಾಗಿತ್ತು. ಅವನ ಅಂಗಿಗಳನ್ನು ಗೂಟದ ಮೇಲೆ ಧೂಳು ತಿನ್ನಲು ಬಿಟ್ಟದ್ದಕ್ಕೆ ಬೈದಳು. ಅವನ ಹೆಸರು ಹೇಳಿ ಬೈದಳು. ಎರಡು ವರ್ಷದಲ್ಲಿ ಯಾರೂ ನನ್ನ ಮುಂದೆ ಆ ಹೆಸರು ಹೇಳಿರಲಿಲ್ಲ. ದನಿ ಟಾಕಿಗೆ ಕೇಳುವಂತಿತ್ತು.

ಮಾಸ್ತರರು ಕೆಮ್ಮಿ, "ಫಕ್ಕೀರವ್ವಾ, ಇನ್ನೂ ಇಬ್ಬರು ಅದಾರ" ಎಂದರು.

"ಕುಂದರೋ. ಈಕಿದು ಮುಗಿದಿಲ್ಲ."

"ಆಗಲಿ ಬಿಡ್ರಿ" ಎಂದಳು ಸಕ್ರಿಬಾಯಿ. "ಚಂದ ಬೈಯಾಕತ್ತಾಳ. ನಾವು ಕಾಯ್ತೀವಿ."

ಇದು ಹೊಗಳಿಕೆಯಾದ್ದರಿಂದ ಫಕ್ಕೀರವ್ವ ಒಂದು ಗೇಣು ಎದ್ದಳು. ಎದ್ದದ್ದೂ ಗೊತ್ತಾಗದೆ ಅಲ್ಲಿಂದಲೇ ಮುಂದುವರಿಸಿದಳು. ಬೈಯುತ್ತ ಬೈಯುತ್ತ ಅವಳ ಕಣ್ಣು ನನ್ನ ಪಾದಕ್ಕೆ ಬಂತು.

"ಮತ್ತ ಚಪ್ಪಲಿ ಎಲ್ಲೇ? ಹನ್ನೊಂದರ ಬಿಸಲಾಗ ಈ ಮಣ್ಣಾಗ ಹೆಂಗ ನಿಂತಾಳ ನೋಡ್ರಿ. ಕಾಲು ಸುಡೂದಿಲ್ಲೇನ ನಿನಗ?"

ನಾನು ಕೆಳಗೆ ನೋಡಿದೆ. ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟೆ.

"ಸುಡ್ತಾವ, ಆಯಿ" ಎಂದೆ.